ಬೇಲಿಯೊಳಗಿನ ಬೆಳೆಗೆ ಚರಗ

ನಮ್ಮೂರು ತೆಲಿಗಿಯ ಅಜ್ಜಯ್ಯನಿಗೆ ನಿಯಮ ಅಂದರೆ ಪ್ರಾಣ. ಬಸ್ಸಿನಲ್ಲಿ 'ಕೈ ಹೊರಗೆ ಹಾಕಬೇಡಿ' ಅಂತ ಬರೆದಿದ್ದರೆ, ಆಸಾಮಿ ಹರಪನಹಳ್ಳಿ ಬರುವ ತನಕ ಕೈ ಕಟ್ಟಿಕೊಂಡೇ ಕೂರುತ್ತಾನೆ. ಅಂಥವನನ್ನು ಹೋದ ವರ್ಷ ಒಂದು ಬೀಜದ ಕಂಪನಿ ಹುಡುಕಿಕೊಂಡು ಬಂತು.

ಕಂಪನಿಯವರು ಅವನ ಅರ್ಧ ಎಕರೆಯನ್ನು ಗುತ್ತಿಗೆಗೆ ಹಿಡಿದು, ಸುತ್ತ ತಂತಿಬೇಲಿ ಹಾಕಿ, ಒಳಗೆ ಕುಲಾಂತರಿ ಮೆಕ್ಕೆಜೋಳ ಬಿತ್ತಿದರು. ಹುಳ ತಿನ್ನದ ಹಾಗೆ ಬೀಜದೊಳಗೇ ಏನೋ ಸೇರಿಸಿದ್ದಾರಂತೆ. ಸರ್ಕಾರ ಅಪ್ಪಣೆ ಕೊಟ್ಟಿದ್ದು ಪರೀಕ್ಷೆಗೆ ಮಾತ್ರ. ನಮ್ಮ ಮೆಕ್ಕೆಜೋಳದ ಜತೆ ಪರಾಗ ಬೆರೆಯಬಾರದೆಂದು ನಾವೆಲ್ಲ ಬಿತ್ತಿ ತಿಂಗಳಾದ ಮೇಲೆ ಬಿತ್ತಿದರು. ಕಾವಲಿಗೆ ಅಜ್ಜಯ್ಯನನ್ನೇ ಇಟ್ಟರು. ಹೊರಗಿನದು ಒಳಗೆ ಹೋಗಬಾರದು, ಒಳಗಿನದು ಹೊರಗೆ ಬರಬಾರದು, ಹೋಗಿದ್ದು ಬಂದದ್ದೆಲ್ಲ ಪುಸ್ತಕದಲ್ಲಿ ಬರೆಯಬೇಕು ಅಂತ ಹೇಳಿ ಹೋದರು.

ಅವನು ಬರೆದ. ಕೂಡಿ ಗೋಲಿ ಆಡಿದ ಗೆಳೆಯ ನಾನು, ಬೇಲಿ ದಾಟಲು ಹೋದರೆ "ಲೇ, ಅಪ್ಪಣಿ ಪತ್ರ ಐತೇನು?" ಅಂದ. ಕೆಟ್ಟ ಸಿಟ್ಟು ಬಂತು. ವಾರ ಮಾತು ಬಿಟ್ಟೆ. ಅದೂ ಪುಸ್ತಕದಲ್ಲಿದೆ: 'ಒಬ್ಬರು ಬಂದರು. ಬೈದರು. ಹೋದರು.'

ಅವನು ಬಚ್ಚಿಟ್ಟ ಸಂಗತಿ ಒಂದೇ. ಕೊಯ್ಲಾದ ಮೇಲೆ ಕಾಳು, ದಂಟು, ಸಿಪ್ಪೆ ಎಲ್ಲವನ್ನೂ ಗುಂಡಿಗೆ ಹಾಕಿ ಸುಡಬೇಕೆಂದು ಕರಾರಿನಲ್ಲಿತ್ತು. ಅದನ್ನು ನನಗೆ ಹೇಳಿದ್ದ, ಹೆಂಡತಿ ತಿಪ್ಪೇರುದ್ರಮ್ಮನಿಗೆ ಹೇಳಿರಲಿಲ್ಲ.

"ಹೇಳಿಬಿಡಪ್ಪಾ," ಅಂದೆ.

"ಆಕಿ ನೆಲಕ್ಕ ಬಿದ್ದ ಕಾಳು ಆಯ್ದು ಕಣ್ಣಿಗೆ ಒತ್ತಿಕೊಳ್ಳಾಕಿ. ಹೆಂಗ ಹೇಳ್ಲೋ?"

ಹಾವು ಕಂಡರೂ ಹೆದರದವನು, ಅವಳಿಗೆ ಗೊತ್ತಾಗುವ ದಿನಕ್ಕೆ ಹೆದರಿದ್ದ.

ಸೀಗೆ ಹುಣ್ಣಿಮೆ ಬಂತು. ಆ ಹೊತ್ತಿಗೆ ಬೆಳೆ ಬಸುರಿ. ಅದಕ್ಕೆ ಉಡಿ ತುಂಬಿ, ಬಯಕೆಯ ಅಡುಗೆ ಮಾಡಿ, ಅದನ್ನೇ ಎಡೆಯೆಂದು ಹೊಲದ ತುಂಬ ಚೆಲ್ಲಬೇಕು, ಅದೇ ಚರಗ. ತಿಪ್ಪೇರುದ್ರಮ್ಮ ಬುಟ್ಟಿ ಹೊತ್ತು ಬೇಲಿಯ ಹತ್ತಿರ ಬಂದಳು.

"ಒಳಗ ಬಿಡಾಂಗಿಲ್ಲ," ಅಂದ ಅಜ್ಜಯ್ಯ.

"ನಮ್ಮ ಹೊಲಕ್ಕ ನಾನು ಬರಾಂಗಿಲ್ಲೇನ್ರಿ?"

"ರೂಲ್ಸ್ ಐತಿ."

"ಬಸುರಿಗೆ ಉಣ್ಣಾಕ ಇಕ್ಕಬ್ಯಾಡ ಅಂತ ಯಾವ ತಾಯಿ ಮಗ ರೂಲ್ಸ್ ಮಾಡ್ಯಾನ್ರಿ?"

ಇದಕ್ಕೆ ಕಂಪನಿಯ ಕಾಗದದಲ್ಲಿ ಉತ್ತರ ಇರಲಿಲ್ಲ. ಅಜ್ಜಯ್ಯ ಬುಟ್ಟಿ ಇಸಿದುಕೊಂಡು ತಾನೇ ಒಳಗೆ ಹೋಗಿ, ಸಾಲು ಸಾಲಿಗೂ ಚೆಲ್ಲಿ, ಒಂದು ಗಿಡಕ್ಕೆ ಹಸಿರು ಖಣ ಕಟ್ಟಿ ಬಂದ. ಬಂದು ಬರೆದ: 'ಒಳಗೆ ಹೋದದ್ದು: ಸಜ್ಜೆ ಕಡುಬು, ಪುಂಡಿಪಲ್ಯ, ಮೊಸರನ್ನ, ಖಣ ಒಂದು. ಉಂಡವರು: ಭೂಮ್ತಾಯಿ. ಹೊರಗೆ ಬಂದದ್ದು: ಬುಟ್ಟಿ.'

ಹತ್ತು ದಿನಕ್ಕೆ ಸರ್ಕಾರದ ತಪಾಸಣೆಯ ಸಮಿತಿ ಬಂತು. ಕಂಪನಿಯ ಅರುಣ್ ಕುಮಾರ್ ತಾಸು ಮೊದಲೇ ಬಂದು ಪುಸ್ತಕ ತಿರುವಿ ಬೆವರಿದ. ತಪ್ಪು ಸಿಕ್ಕರೆ ಪರೀಕ್ಷೆಯೇ ರದ್ದು.

"ಅಜ್ಜಾರ, ಈ ಹಾಳಿ ಹರಿದುಬಿಡ್ರಿ."

"ಬಂದು ಉಂಡಾಕೀನ ಬಂದಿಲ್ಲ ಅಂತ ಹೆಂಗ ಅನ್ಲಿ? ಎಲ್ಲಾ ಬರೀರಿ ಅಂದವ್ರು ನೀವ."

ಸಮಿತಿಯ ಐದು ಜನ ಬೇವಿನ ನೆರಳಲ್ಲಿ ಕೂತು ಆ ಹಾಳೆಯನ್ನು ಕೈಯಿಂದ ಕೈಗೆ ದಾಟಿಸಿದರು. ಹಿರಿಯ ವಿಜ್ಞಾನಿ ಕನ್ನಡಕ ಏರಿಸಿ ಕೇಳಿದರು: "ಕಡುಬು ಬೇಯಿಸಿದ್ದೋ, ಹಸಿಯೋ?"

"ಬೇಸಿದ್ದು ಸರ್," ಅಂದ ಅಜ್ಜಯ್ಯ.

"ಪುಂಡಿಪಲ್ಯದಲ್ಲಿ ಬೀಜ?"

"ಬರೀ ಸೊಪ್ಪು ಸರ್."

ಬೆಂದದ್ದು ಮೊಳೆಯುವುದಿಲ್ಲ, ಆದ್ದರಿಂದ ಲೋಪವಿಲ್ಲ ಎಂದು ಅರ್ಧ ತಾಸಿನ ಚರ್ಚೆಯ ಮೇಲೆ ತೀರ್ಮಾನವಾಯಿತು. ಭೂಮ್ತಾಯಿಯ ವಿಷಯ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ತಿಪ್ಪೇರುದ್ರಮ್ಮ ಮಜ್ಜಿಗೆ ತಂದಳು. ಲೋಟ ತೆಗೆದುಕೊಳ್ಳುತ್ತಾ ಹಿರಿಯ ವಿಜ್ಞಾನಿ ವಿಚಾರಿಸಿದರು: "ಬೆಳೆ ಸುಡೋಕೆ ಗುಂಡಿ ತೋಡಿಸಿದ್ದೀರಾ?"

ಅಜ್ಜಯ್ಯ ನೆಲ ನೋಡಿದ.

"ಏನು ಸುಡಾದ್ರಿ?" ಅಂದಳು ತಿಪ್ಪೇರುದ್ರಮ್ಮ.

ಅರುಣ್ ಕುಮಾರ್ ವಿವರಿಸಿದ. ಇದು ತಿನ್ನಲು ಯೋಗ್ಯವೋ ಅಲ್ಲವೋ ಇನ್ನೂ ತೀರ್ಮಾನವಾಗಿಲ್ಲ, ಒಂದು ಕಾಳೂ ಯಾರ ಬಾಯಿಗೂ ಹೋಗಬಾರದು, ಬೇರೆ ಹೊಲಕ್ಕೆ ಬೀಜವಾಗಬಾರದು. ಕಾರಣ ಸರಿಯಾಗಿಯೇ ಇತ್ತು, ಸುಳ್ಳು ಹೇಳಬಾರದು.

"ಉಡಿ ತುಂಬಿಸ್ಕೊಂಡಾಕೀನ ಸುಡಾದು ಯಾರ ಮನ್ಯಾಗ ಐತ್ರಿ?"

ಸಮಿತಿಯವರು ಮಜ್ಜಿಗೆ ಚೆನ್ನಾಗಿದೆ ಅಂದರು. ವರದಿಯಲ್ಲಿ 'ಸ್ಥಳೀಯರ ಆಕ್ಷೇಪಣೆ: ಇಲ್ಲ' ಎಂದು ಬರೆದು ಜೀಪು ಹತ್ತಿದರು. ನಾನೂ ಅಲ್ಲೇ ನಿಂತಿದ್ದೆ. ಖಾಲಿ ಲೋಟ ಎತ್ತಿಟ್ಟೆ, ಅಷ್ಟೇ. ಈಗಲೂ ನೆನೆದರೆ ನಾಚಿಕೆಯಾಗುತ್ತದೆ.

ಆಮೇಲೆ ಅವಳು ಗಂಡನನ್ನು ಕೇಳಿದ್ದು ಒಂದೇ ಮಾತು. "ನಿಮಗ ಮೊದ್ಲ ಗೊತ್ತಿತ್ತಾ?"

"ಗೊತ್ತಿತ್ತು," ಅಂದ.

ತೆನೆ ಬಲಿತವು. ಮೊಳದುದ್ದ, ಒಂದನ್ನೂ ಹುಳ ಮುಟ್ಟಿರಲಿಲ್ಲ. ಒಬ್ಬ ಅಧಿಕಾರಿಯ ಎದುರು ಎಲ್ಲವನ್ನೂ ಗುಂಡಿಗೆ ತುಂಬಿ ಅಜ್ಜಯ್ಯನೇ ಕಡ್ಡಿ ಗೀರಿದ. ಒಬ್ಬನೇ ಆಗುವ ಕೆಲಸವಲ್ಲ, ನಾನೂ ಕೈ ಹಾಕಿದ್ದೆ. ಈ ಸಲ ನನಗೆ ಅಪ್ಪಣೆ ಪತ್ರ ಬರೆಸಿಕೊಟ್ಟಿದ್ದ. ಸುಟ್ಟ ತೆನೆಯ ಘಮ ಊರ ತನಕ ಹೋಗಿ, ಮಕ್ಕಳು ಮೂಗರಳಿಸಿಕೊಂಡು ಬೇಲಿಗೆ ಬಂದು ನಿಂತವು. ಅಜ್ಜಯ್ಯ ವಾಪಸ್ಸು ಕಳಿಸಿಬಿಟ್ಟ.

ಮಧ್ಯಾಹ್ನ ಇಬ್ಬರೂ ಅವನ ಮನೆಗೆ ಬಂದೆವು. ಒಲೆ ಹೊತ್ತಿರಲಿಲ್ಲ. ಸಾವಾದ ಮನೆಗೆ ತಂದುಕೊಡುವ ಹಾಗೆ ಪಕ್ಕದ ಈರಕ್ಕ ಅನ್ನ ಸಾರು ತಂದು ಕಟ್ಟೆಯ ಮೇಲೆ ಇಟ್ಟಿದ್ದಳು. ತಿಪ್ಪೇರುದ್ರಮ್ಮ ತುಂಬಿದ ಕೊಡ ಎತ್ತಿ ತಂದು ಅಂಗಳದಲ್ಲಿ ಇಟ್ಟಳು.

"ಅಲ್ಲೇ ನಿಂದರ್ರಿ. ತಲಿಮ್ಯಾಲೆ ನೀರು ಹಾಕ್ಕೊಂಡು ಒಳಗ ಬರ್ರಿ."

ಅಜ್ಜಯ್ಯ ಅಂಗಿ ಬಿಚ್ಚಿದ. ನಾನು ಚಪ್ಪಲಿ ಮೆಟ್ಟಿಕೊಂಡು ಮೆಲ್ಲಗೆ ನಮ್ಮ ಮನೆಯ ಕಡೆ ತಿರುಗಿದೆ.

"ನೀನೂ ಹಾಕ್ಕೋಪ್ಪಾ," ಅಂದಳು. "ನಿನಗೂ ಗೊತ್ತಿತ್ತಲ್ಲ."