ನೀರುಕಾಯಿಯ ನೀಲಿ

ನಾನು ಚಿತ್ರ ಬರೆಯುವವಳು. ನನ್ನ ಚಿತ್ರದಲ್ಲಿ ಮರ, ಮನೆ, ಮನುಷ್ಯರು ಯಾವುದೂ ಇರುವುದಿಲ್ಲ, ಬರೀ ಬಣ್ಣ ಇರುತ್ತದೆ. ಹಾಲ್ಕುರಿಕೆ ಕಡೆಯ ಈ ಊರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನೆಂಟರೊಬ್ಬರು ಅದನ್ನು ನೋಡಿ, "ಗೋಡೆಗೆ ಯಾವ ಬಣ್ಣ ಹೊಡೀಬೇಕು ಅಂತ ನೋಡ್ತಿದ್ದೀಯೇನವ್ವ?" ಎಂದು ಕೇಳಿದ್ದರು. ಹೌದು ಅಂದುಬಿಟ್ಟೆ. ನಿಜ ಹೇಳಿದರೆ ಹುಚ್ಚಿ ಅನ್ನುತ್ತಾರೆ ಎಂಬ ಹೆದರಿಕೆ ನನಗೆ ಚಿಕ್ಕಂದಿನಿಂದಲೂ ಇತ್ತು.

ನಿಜ ಏನೆಂದರೆ, ನನಗೆ ದನಿ ಕೇಳಿದರೆ ಬಣ್ಣ ಕಾಣುತ್ತದೆ. ಕಣ್ಣೆದುರಿಗಲ್ಲ, ಹಣೆಯ ಹಿಂದೆಲ್ಲೋ. ಮಗುವಾಗಿದ್ದಾಗ ಒಂದು ಮದುವೆಯಲ್ಲಿ ಓಲಗ ಊದುತ್ತಿದ್ದರು. "ಅಮ್ಮಾ, ಆ ಕೆಂಪು ನಿಲ್ಲಿಸೋಕೆ ಹೇಳು, ಕಣ್ಣುರಿ" ಎಂದು ಅತ್ತಿದ್ದೆ. ಅಮ್ಮ ತೊಡೆ ಚಿವುಟಿ, "ಇನ್ನೊಂದ್ ಸಲ ಹಂಗಂದ್ರೆ ನಿಂಗೆ ಗಾಳಿ ಮೆಟ್ಕೊಂಡೈತೆ ಅಂತಾರೆ, ಬಾಯ್ಮುಚ್ಕೊ" ಅಂದಳು. ಅಂದು ಮುಚ್ಚಿದ ಬಾಯಿಯನ್ನು ಮದುವೆಯಾಗಿ ಎಷ್ಟೋ ದಿನವಾದ ಮೇಲೆ ಅತ್ತೆಯ ಮುಂದೆ ಮಾತ್ರ ತೆರೆದೆ.

ಅತ್ತೆ ನಗಲಿಲ್ಲ. "ಹಂಗಾದ್ರೆ ಅಟ್ಟಕ್ಕೆ ಹತ್ತು" ಅಂದರು.

ನಮ್ಮ ಕಡೆ ತೆಂಗಿನಕಾಯನ್ನು ಸಿಪ್ಪೆಯ ಸಮೇತ ಅಟ್ಟಕ್ಕೆ ಹಾಕಿ, ಹೆಚ್ಚುಕಡಿಮೆ ವರ್ಷ ತುಂಬುವವರೆಗೆ ಬಿಡುತ್ತೇವೆ. ಒಳಗಿನ ನೀರು ಬತ್ತಿ ಅದು ಕೊಬ್ಬರಿಯಾಗಬೇಕು. ಆಗಿದೆಯೋ ಇಲ್ಲವೋ ಎಂದು ಒಡೆದು ನೋಡುವ ಹಾಗಿಲ್ಲ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಮೊದಲು ಗುಳುಗುಳು ಅನ್ನುತ್ತದೆ, ಅದು ನೀರುಕಾಯಿ. ಕೊನೆಗೆ ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗಿ ಲೊಡಲೊಡ ಅನ್ನುತ್ತದೆ. ಇವೆರಡರ ನಡುವೆ ಕೆಲಕಾಲ, ನೀರು ಬತ್ತಿರುತ್ತದೆ ಆದರೆ ಉಂಡೆ ಇನ್ನೂ ಚಿಪ್ಪು ಬಿಟ್ಟಿರುವುದಿಲ್ಲ. ಆಗ ಎಷ್ಟು ಅಲ್ಲಾಡಿಸಿದರೂ ಕಾಯಿ ಮಾತಾಡುವುದಿಲ್ಲ. ಅದನ್ನು ಅತ್ತೆ ಮೂಗಿ ಅನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮೂಗಿಗಳನ್ನು ಆರಿಸಿ, ಸುಲಿಸಿ, ಅಂಗಳದ ಬಿಸಿಲಿಗೆ ಹಾಕಿ ಉಂಡೆ ಬಿಡಿಸುವ ಪದ್ಧತಿ. ನೀರಿರುವ ಕಾಯಿ ಅದರೊಳಗೆ ಸೇರಿಕೊಂಡರೆ ಬಿಸಿಲಿಗೆ ಬಿರಿದು ಹಾಳಾಗುತ್ತದೆ.

ನನಗೆ ಇದು ಆಟವಾಗಿತ್ತು. ನೀರುಕಾಯಿ ಅಲ್ಲಾಡಿಸಿದರೆ ಗಾಢವಾದ ನೀಲಿ, ಬೆಳಗಿನ ಜಾವದ ಬಾವಿಯ ನೀಲಿ. ಒಣಗಿದ್ದು ಇಟ್ಟಿಗೆ ಬಣ್ಣ. ಮೂಗಿಗೆ ಬಣ್ಣವಿಲ್ಲ. ಕತ್ತಲ ಅಟ್ಟದಲ್ಲಿ ಕೂತು ನಾನು ಬಣ್ಣದ ಪ್ರಕಾರ ಕಾಯಿ ಬೇರೆ ಮಾಡುತ್ತಿದ್ದೆ. ಒಂದೂ ತಪ್ಪುತ್ತಿರಲಿಲ್ಲ. ಅತ್ತೆ ಕೇರಿಯವರ ಮುಂದೆ, "ನಮ್ ಸೊಸೆ ಕಿವಿ ಅಂದ್ರೆ ಸುಮ್ನೆ ಅಲ್ಲ ಕಣ್ರೇ" ಎಂದು ಹೇಳಿಕೊಂಡು ತಿರುಗಿದರು.

ಚಿತ್ರ ಬರೆಯುತ್ತಿದ್ದದ್ದು ಆ ಅಟ್ಟದ ಕೆಳಗಿನ ಕೋಣೆಯಲ್ಲಿ. ನಮ್ಮೆಜಮಾನರು ತುರುವೇಕೆರೆಯ ಆಫೀಸಿಗೆ ಬಸ್ಸು ಹತ್ತಿದ ಮೇಲೆ, ಅತ್ತೆ ತೋಟಕ್ಕೆ ಹೋದ ಮೇಲೆ, ಟೇಪ್ ರೆಕಾರ್ಡರಿಗೆ ಕೊಳಲಿನದೋ ವೀಣೆಯದೋ ಕ್ಯಾಸೆಟ್ ಹಾಕುತ್ತಿದ್ದೆ. ಹಾಕಿದ ಕೂಡಲೇ ಬ್ರಷ್ ಮುಟ್ಟುವುದಿಲ್ಲ. ಮೊದಲು ತಂಬೂರಿ ಕೇಳಬೇಕು. ಅದರ ಕೆಳಗಿನ ತಂತಿ ನನಗೆ ನೀಲಿ ನೆಲ ಹಾಸಿಕೊಡುತ್ತಿತ್ತು. ಹಾರ್ಡ್‌ಬೋರ್ಡಿಗೆ ಆ ನೀಲಿಯನ್ನು ಬಳಿದು, ಒಣಗುವವರೆಗೆ ಅದೇ ಕ್ಯಾಸೆಟ್ಟನ್ನು ಮತ್ತೆ ಮತ್ತೆ ತಿರುಗಿಸಿ ಹಾಕುತ್ತಿದ್ದೆ. ಆಮೇಲೆ ರಾಗ ಎಲ್ಲಿ ಕಾಲಿಡುತ್ತದೋ ಅಲ್ಲಿ ಹಳದಿ, ಹಸಿರು, ಒಮ್ಮೊಮ್ಮೆ ಎಲ್ಲಿಂದಲೋ ಬಂದ ನೇರಳೆ. ನನ್ನ ಇಚ್ಛೆ ಅಂತ ಅದರಲ್ಲಿ ಏನೂ ಇರಲಿಲ್ಲ. ದನಿ ಕೊಟ್ಟಷ್ಟನ್ನು ಬಳಿಯುವುದಷ್ಟೇ ನನ್ನ ಕೆಲಸ.

ಮಗಳು ಹುಟ್ಟಿದ ಮೇಲೆ ನೀಲಿ ತೆಳ್ಳಗಾಗತೊಡಗಿತು. ಬಣ್ಣದ ಡಬ್ಬಿ ಸರಿಯಿಲ್ಲ ಅಂದುಕೊಂಡೆ. ಬೇರೆ ಡಬ್ಬಿ ತಂದೆ. ಆಮೇಲೆ ಟೇಪ್ ಹಾಳಾಗಿದೆ ಅಂದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತಲ್ಲ, ಹಾಗೆ. ತಿಪಟೂರಿನಲ್ಲಿ ಟೇಪ್ ರಿಪೇರಿ ಮಾಡುವ ಸಾಹೇಬರೊಬ್ಬರ ಅಂಗಡಿಗೆ ಹೊತ್ತುಕೊಂಡು ಹೋದೆ. ಅವರು ಬಿಚ್ಚಿ, ಒರೆಸಿ, ಹಾಡು ಹಚ್ಚಿ, "ಈಗ ನೋಡಮ್ಮಾ" ಅಂದರು.

"ಇನ್ನೂ ಒಂಚೂರು ಜೋರು ಕೊಡಿ" ಅಂದೆ.

ಕೊಟ್ಟರು. "ಇನ್ನೂ" ಅಂದೆ. ಆಗ ಪಕ್ಕದ ಅಂಗಡಿಯ ಟೈಲರು ಮಿಷಿನ್ ನಿಲ್ಲಿಸಿ ಎರಡೂ ಕಿವಿ ಮುಚ್ಚಿಕೊಂಡದ್ದು ಕಂಡಿತು. ರಸ್ತೆಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡುತ್ತಿದ್ದರು. ನನಗೆ ಮಾತ್ರ ಹಾಡು ಗೋಡೆಯಾಚೆ ಎಲ್ಲೋ ಇತ್ತು. "ಸರಿಹೋಯ್ತು ಸಾಬ್ರೆ" ಎಂದು ಟೇಪನ್ನು ಎತ್ತಿಕೊಂಡು ಬಸ್‌ಸ್ಟ್ಯಾಂಡಿಗೆ ಬಂದೆ. ಬಸ್ಸಿನ ಗದ್ದಲಕ್ಕೆ ದನಿಯೇರಿಸಿ ಆಡುತ್ತಿದ್ದ ಪಕ್ಕದವರ ಮಾತು ಚೆನ್ನಾಗಿಯೇ ಕೇಳಿಸಿತು. ನೋಡು, ಏನೂ ಆಗಿಲ್ಲ, ಎಂದು ಊರು ಬರುವವರೆಗೆ ನನಗೆ ನಾನೇ ಹೇಳಿಕೊಂಡೆ.

ಆ ವರ್ಷ ಅಟ್ಟ ನೋಡಿ ಇಳಿದು ಬಂದು, "ಎಲ್ಲಾ ಮೂಗಿ ಆಗ್ಬಿಟ್ಟವೆ ಅತ್ತೆ" ಅಂದೆ. ನನಗೆ ನಿಜವಾಗಿ ಹಾಗೇ ಕಂಡಿತ್ತು. ಯಾವ ಕಾಯಿ ಅಲ್ಲಾಡಿಸಿದರೂ ಬಣ್ಣವಿಲ್ಲ. "ಈ ಸಲ ಬಿಸ್ಲು ಹಂಗೈತೆ, ಬೇಗ ಬತ್ತವೆ ಬುಡು" ಎಂದು ಅತ್ತೆ ಸುಲಿಯುವವರನ್ನು ಕರೆಸಿದರು. ನನ್ನ ಕಿವಿಯ ಮೇಲಿನ ನಂಬಿಕೆಯಿಂದ ಒಂದನ್ನೂ ತಾವು ಅಲ್ಲಾಡಿಸಿ ನೋಡಲಿಲ್ಲ. ಸುಲಿದ ಕಾಯಿ ಅಂಗಳದ ತುಂಬ ಬಿಸಿಲಿಗೆ ಹರಡಿಕೊಂಡವು.

ಮಾರನೆಯ ದಿನ ಮಧ್ಯಾಹ್ನ ಜಗಲಿಯಲ್ಲಿ ಅಂಗಳಕ್ಕೆ ಬೆನ್ನು ಹಾಕಿ ಕೂತು ಮಗುವಿಗೆ ಅನ್ನ ತಿನ್ನಿಸುತ್ತಿದ್ದೆ. ಮಗು ಬೆಚ್ಚಿತು. ಮತ್ತೆ ಬೆಚ್ಚಿತು. ನನ್ನ ಭುಜದಾಚೆ ನೋಡುತ್ತಾ ಅಳತೊಡಗಿತು. ಒಳಗಿಂದ ಅತ್ತೆ ಓಡಿ ಬಂದರು, ಬೀದಿಯಿಂದ ಇನ್ನಿಬ್ಬರು ಓಡಿ ಬಂದರು. ತಿರುಗಿ ನೋಡಿದರೆ ಕಾಯಿಗಳು ಒಂದಾದ ಮೇಲೊಂದು ಬಿರಿಯುತ್ತಿವೆ, ಅಂಗಳದ ಮಣ್ಣಿನಲ್ಲಿ ಎಳನೀರಿನ ಹಾಗೆ ನೀರು ಹರಿಯುತ್ತಿದೆ. ಕಾಯಿ ಬಿರಿದರೆ ಚಟ್ಟೆಂದು ಬೀದಿಗೆಲ್ಲ ಕೇಳಿಸುತ್ತದೆ. ನನಗೆ ಅಷ್ಟು ಹತ್ತಿರದಲ್ಲೂ ಕೇಳಿಸಿರಲಿಲ್ಲ.

ಅತ್ತೆ ಕಾಯಿಗಳ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡುತ್ತಿದ್ದರು. ಆಮೇಲೆ ಒಳಗೆ ಕರೆದುಕೊಂಡು ಹೋಗಿ ಗೋಡೆಗೆ ಮುಖ ಮಾಡಿಸಿ ನಿಲ್ಲಿಸಿದರು. ಬೆನ್ನ ಹಿಂದೆ ಏನು ಮಾಡುತ್ತಿದ್ದಾರೆಂದು ಗೊತ್ತಾಗಲಿಲ್ಲ. ತುಸು ಹೊತ್ತಿನ ಮೇಲೆ ಎದುರಿಗೆ ಬಂದರು. ಕೈಯಲ್ಲಿ ಸುಲಿಯದೆ ಉಳಿದಿದ್ದ ನೀರುಕಾಯಿ, ಕಣ್ಣಲ್ಲಿ ನೀರು.

"ಇಷ್ಟೊತ್ತು ನಿನ್ ಕಿವಿ ಪಕ್ಕದಲ್ಲೇ ಆಡಿಸ್ತಿದ್ದೆ ಕಣವ್ವ" ಅಂದರು.

ಕಿವುಡಿಯಾಗುತ್ತೇನೆ ಎಂದು ನಾನು ಹೆದರಲಿಲ್ಲ. ಕಿವುಡರು ಬದುಕುವುದಿಲ್ಲವೇ, ಬದುಕುತ್ತಾರೆ. ಬಣ್ಣ ಹೋಗುತ್ತದೆ, ಹಣೆಯ ಹಿಂದೆ ಪೂರ್ತಿ ಖಾಲಿಯಾಗುತ್ತದೆ, ಆಮೇಲೆ ಆ ಕೋಣೆಯಲ್ಲಿ ಕೂತು ನಾನು ಏನು ಮಾಡಲಿ ಎಂಬುದಕ್ಕೆ ಹೆದರಿದೆ. ಅತ್ತೆಯ ಸೆರಗು ಹಿಡಿದುಕೊಂಡು ಮಗುವಿಗಿಂತ ಜೋರಾಗಿ ಅತ್ತುಬಿಟ್ಟೆ.

ಬೆಂಗಳೂರಿನ ಕಿವಿ ಡಾಕ್ಟರು ಕವಲಾದ ಒಂದು ಉಕ್ಕಿನ ಕಡ್ಡಿಯನ್ನು ತಟ್ಟಿ ನನ್ನ ಕಿವಿಯ ಮುಂದೆ ಹಿಡಿದರು. ಏನೂ ಇಲ್ಲ. ಮತ್ತೆ ತಟ್ಟಿ, ಅದರ ಬುಡವನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿದರು.

ನೀಲಿ ಬಂತು. ಅಷ್ಟು ದಿನ ಕಾಣದ ನೀಲಿ, ತಲೆಯ ತುಂಬ. ನಾನು "ಅಯ್ಯೋ" ಎಂದು ಕೂಗಿದ್ದಕ್ಕೆ ಡಾಕ್ಟರು ನೋವಾಯಿತೇನೋ ಎಂದು ಕಡ್ಡಿ ತೆಗೆದುಬಿಟ್ಟರು. ಒಳಗಿನ ನರ ಚೆನ್ನಾಗಿದೆ, ದನಿಯನ್ನು ಒಳಗೆ ದಾಟಿಸುವ ಸಣ್ಣ ಮೂಳೆ ಬಿಗಿದುಕೊಂಡಿದೆ, ಹೆರಿಗೆಯಾದ ಮೇಲೆ ಕೆಲವರಿಗೆ ಇದು ಹೆಚ್ಚುತ್ತದೆ ಅಂದರು. ಆಪರೇಷನ್ ಮಾಡಬಹುದು, ಆದರೆ ಅಪರೂಪಕ್ಕೆ ಇದ್ದದ್ದೂ ಹೋಗುವುದುಂಟು ಅಂದರು. ನನಗೆ ಅಷ್ಟು ಧೈರ್ಯ ಎಲ್ಲಿಯದು? ಕಿವಿಗೆ ಮಿಷಿನ್ ಹಾಕಿಸಿಕೊಂಡೆ. ಎದ್ದು ಹೊರಡುವಾಗ, "ಆ ನರ ಹೀಗೇ ಇರ್ತದಾ ಸಾರ್?" ಎಂದು ಕೇಳಿದೆ. "ಅದೂ ಕೆಲವರಿಗೆ ನಿಧಾನಕ್ಕೆ ಸವೆಯುತ್ತಮ್ಮ, ಈಗಲೇ ಹೇಳೋಕಾಗಲ್ಲ" ಅಂದರು. ಆ ಮಾತನ್ನು ಕೇಳಬಾರದಾಗಿತ್ತು.

ಮಿಷಿನ್‌ನಿಂದ ಮಾತು ಕೇಳಿಸಿತು, ಬಣ್ಣ ಬರಲಿಲ್ಲ. ಕೊಳಲೂ ಬೂದಿ, ವೀಣೆಯೂ ಬೂದಿ. ಚಿತ್ರಕ್ಕೆ ಕೂರುವಾಗ ಅದನ್ನು ಕಿತ್ತಿಟ್ಟು, ಟೇಪ್ ರೆಕಾರ್ಡರನ್ನು ಹಾರ್ಡ್‌ಬೋರ್ಡಿನ ಮೇಲೇ ಇಟ್ಟು, ಬೋರ್ಡಿನ ಅಂಚಿಗೆ ದವಡೆಯನ್ನು ಒತ್ತಿ ಕೂತೆ. ತಂಬೂರಿ ಮರದೊಳಗಿಂದ ಹಲ್ಲಿಗೆ, ಹಲ್ಲಿನಿಂದ ಹಣೆಗೆ ಹತ್ತಿತು. ಮುಖ ಬೋರ್ಡಿಗೆ ಅಂಟಿರುವಾಗ ಇಡೀ ಚಿತ್ರ ಕಾಣುವುದಿಲ್ಲ. ಮೂಗಿನ ತುದಿಯಲ್ಲಿರುವ ಗೇಣಗಲ ಮಾತ್ರ ಕಾಣುತ್ತದೆ. ಹಾಗೇ ಕೈ ಚಾಚಿ, ಕಾಣದ ಕಡೆಗೂ ಬಳಿಯತೊಡಗಿದೆ. ಆ ಕಾಲದ ನನ್ನ ಚಿತ್ರಗಳ ಒಂದು ಅಂಚಿನಲ್ಲಿ ಬಣ್ಣ ಉಜ್ಜಿ ಹೋಗಿರುತ್ತದೆ. ನೋಡಿದವರು ಅದಕ್ಕೆ ಏನೇನೋ ಅರ್ಥ ಹೇಳುತ್ತಾರೆ. ಅದು ನನ್ನ ಕೆನ್ನೆ.

ಆದರೆ ಹೆದರಿಕೆ ಹೋಗಲಿಲ್ಲ. ದಿನಾ ಬೆಳಿಗ್ಗೆ ಎದ್ದ ಕೂಡಲೇ, ನರ ಸವೆದಿದ್ದರೆ? ಮುಖ ತೊಳೆಯುವ ಮುಂಚೆ ಅದೇ ಯೋಚನೆ. ಅತ್ತೆ ಒಂದು ನೀರುಕಾಯಿ ತಂದು ಅಡುಗೆಮನೆಯ ಕಿಟಕಿಯಲ್ಲಿ ಇಟ್ಟರು. "ಎದ್ ತಕ್ಷಣ ಇದ ನೋಡ್ಕೊ, ಆಮೇಲೆ ಕೆಲ್ಸ ನೋಡು" ಅಂದರು. ಅದನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿ ಅಲ್ಲಾಡಿಸುತ್ತಿದ್ದೆ. ನೀಲಿ. ಆಮೇಲೇ ಕಾಫಿ. ವರ್ಷಗಟ್ಟಲೆ ಹೀಗೇ ನಡೆಯಿತು.

ಒಂದು ಬೇಸಿಗೆ ಅತ್ತೆ ಚಿಕ್ಕನಾಯಕನಹಳ್ಳಿಗೆ, ನಾದಿನಿಯ ಬಾಣಂತನಕ್ಕೆ ಹೋದರು. ಅವರು ಅಲ್ಲೇ ಇದ್ದಾಗ ಒಂದು ಬೆಳಿಗ್ಗೆ ಕಾಯಿ ಒತ್ತಿ ಅಲ್ಲಾಡಿಸಿದೆ. ಏನೂ ಬರಲಿಲ್ಲ. ಇನ್ನೊಂದು ಕಿವಿಯ ಹಿಂದೆ ಒತ್ತಿದೆ. ಇಲ್ಲ. ಹಣೆಗೆ, ಹಲ್ಲಿಗೆ, ಇಲ್ಲ. ಟೇಪ್ ಹಚ್ಚಿ ನೋಡುವ ಧೈರ್ಯವೂ ಬರಲಿಲ್ಲ. ಅದೂ ಖಾಲಿಯಾಗಿದ್ದರೆ ಆಮೇಲೆ ಅನುಮಾನಕ್ಕೂ ಜಾಗವಿರುವುದಿಲ್ಲ. ಬ್ರಷ್‌ಗಳನ್ನು ತೊಳೆದು ಬಟ್ಟೆ ಸುತ್ತಿ ಟ್ರಂಕಿನೊಳಗೆ ಇಟ್ಟೆ. ಯಜಮಾನರಿಗೂ ಹೇಳಲಿಲ್ಲ. ಅತ್ತೆ ಬರುವವರೆಗೆ ಅನ್ನ ಬೇಯಿಸಿದೆ, ಬಟ್ಟೆ ಒಗೆದೆ, ಕೋಣೆಯ ಬಾಗಿಲು ತೆಗೆಯಲಿಲ್ಲ.

ಅತ್ತೆ ಬಸ್ಸಿಳಿದು ಬಂದು, ನನ್ನ ಮುಖ ನೋಡಿದವರೇ ಚೀಲವನ್ನು ಬಾಗಿಲಲ್ಲೇ ಬಿಟ್ಟು ಕಿಟಕಿಯ ಕಾಯಿಗೆ ಕೈ ಹಾಕಿದರು. ತಮ್ಮ ಕಿವಿಯ ಹತ್ತಿರ ಅಲ್ಲಾಡಿಸಿದರು. ಮತ್ತೆ ಅಲ್ಲಾಡಿಸಿದರು.

"ನಂಗೂ ಏನೂ ಕೇಳಲ್ಲ ಕಣೇ" ಅಂದರು. "ಮೂಗಿ ಆಗೈತೆ."

ತೆಂಗಿನ ಸೀಮೆಯ ಸೊಸೆ, ಕತ್ತಲಲ್ಲಿ ಕೂತು ರಾಶಿ ರಾಶಿ ಕಾಯಿ ಆರಿಸಿದವಳು, ಕಾಯಿ ಬತ್ತುತ್ತದೆ ಎಂಬುದನ್ನೇ ಮರೆತಿದ್ದೆ. ಹೆದರಿದವಳ ಬುದ್ಧಿ ಅಷ್ಟೇ. ಅತ್ತೆ ಆ ವಯಸ್ಸಿನಲ್ಲಿ ಏಣಿ ಹತ್ತಿ, ಇನ್ನೊಂದು ಕಾಯಿ ತಂದು, ತಾವೇ ನನ್ನ ಕಿವಿಯ ಹಿಂದೆ ಒತ್ತಿ ಅಲ್ಲಾಡಿಸಿದರು. ನೀಲಿ ಬಂತು. ನಾನು ನೆಲದ ಮೇಲೆ ಕೂತುಬಿಟ್ಟೆ.

"ಹಂಗಾದ್ರೆ ಇಷ್ಟು ವರ್ಷ?" ಎಂದು ಕೇಳಿದೆ.

"ನೀರು ಕಮ್ಮಿ ಆಯ್ತು ಅನ್ಸಿದಾಗ್ಲೆಲ್ಲ ಬೇರೆ ಇಡ್ತಿದ್ದೆ. ದಿನಾ ನಿನ್ಗಿಂತ ಮುಂಚೆ ಎದ್ದು ಆಡಿಸಿ ನೋಡ್ತಿದ್ದೆ. ಊರಿಗ್ ಹೋಗೋ ಗಡಿಬಿಡೀಲಿ ಮರ್ತೋಯ್ತು ಕಣವ್ವ, ತಪ್ಪಾಯ್ತು" ಎಂದು ಅತ್ತೆ ನನ್ನ ತಲೆ ಸವರಿದರು.

ಈಗ ಅತ್ತೆ ಇಲ್ಲ. ಕಾಯಿಯನ್ನು ನಾನೇ ಬದಲಾಯಿಸುತ್ತೇನೆ. ಬೆಳಿಗ್ಗೆ ಅದಕ್ಕೆ ಕೈ ಹಾಕುವ ಮುಂಚೆ ಈಗಲೂ ಹೆದರಿಕೆಯಾಗುತ್ತದೆ, ಮೊದಲಿಗಿಂತ ಹೆಚ್ಚಾಗಿಯೇ ಆಗುತ್ತದೆ. ನನಗಿಂತ ಮುಂಚೆ ಎದ್ದು ಅದನ್ನು ಅಲ್ಲಾಡಿಸಿ ನೋಡಿದವರು ಯಾರೂ ಇಲ್ಲ.