ವಿಮಾನದ ಕಾಲಿಗೆ ಎರಡು ತೂತು

ನಮ್ಮ ದೊಡ್ಡಣ್ಣ ಹುಟ್ಟೂರು ಮೊರಬದಲ್ಲಿ ವಿಮಾನ ಕಟ್ಟುತ್ತಿದ್ದಾನೆ.

ನೀವು ತಪ್ಪು ಓದಲಿಲ್ಲ. ವಿಮಾನವೇ. ಹತ್ತಿ ತುಂಬಿಡುತ್ತಿದ್ದ ಕೋಣೆಯಲ್ಲಿ ಅದು ಕಳೆದ ವಾರದವರೆಗೆ ರೆಕ್ಕೆಯಿಲ್ಲದೆ, ಗಾಲಿಯಿಲ್ಲದೆ ಮರದ ಸ್ಟ್ಯಾಂಡಿನ ಮೇಲೆ ಕೂತಿತ್ತು. ಭಾನುವಾರ ಮುಂಜಾನೆ ಟಿ.ವಿ. ಇದ್ದವರ ಮನೆಗೆ ಓಡುವ ಊರ ಜನ ಈಗ ಮೊದಲು ಇಲ್ಲಿ ಹಣಿಕಿ ಹಾಕಿ ಆಮೇಲೆ ಅಲ್ಲಿಗೆ ಹೋಗುತ್ತಾರೆ.

ದೊಡ್ಡಣ್ಣ ಏರ್‌ಫೋರ್ಸಿನಲ್ಲಿ ಫಿಟ್ಟರ್ ಆಗಿದ್ದವನು. ಬೆಳಗಾವಿಯಲ್ಲಿರುವ ಅವನ ಸರ್ವಿಸ್ ಗೆಳೆಯರೊಬ್ಬರು ಪರದೇಶದಿಂದ ಬಿಡಿಭಾಗಗಳ ಈ ಕಿಟ್ ತರಿಸಿದ್ದಾರೆ. ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಲಾರಿಯಲ್ಲಿ ಮೊರಬಕ್ಕೆ, ಪೆಟ್ಟಿಗೆ ಪೆಟ್ಟಿಗೆಯಾಗಿ ಬಂತು. ಹಾರಿಸುವವರು ಆ ಗೆಳೆಯರು. ಕಟ್ಟುವವನು ನಮ್ಮಣ್ಣ.

ಕಳೆದ ಶನಿವಾರ ಹುಬ್ಬಳ್ಳಿಯಿಂದ ಬಸ್ಸು ಹತ್ತಿ ನೋಡಲು ಹೋದೆ. ಅಣ್ಣನ ಮುಖ ಬಾಡಿತ್ತು.

"ಕಾಲು ಕೂಡಿಸಬೇಕು ಬೇ. ತೂತು ಹಾಕೂದೈತಿ," ಎಂದ.

ತೂತು ತಾನೇ? ನಮ್ಮ ಮನೆಯ ಗೋಡೆಗೆ ಮೊಳೆ ಹೊಡೆಯುವಾಗ ನಾನು ಎಷ್ಟು ತೂತು ಹಾಕಿಲ್ಲ? ಹಾಗೆಂದು ನಕ್ಕೆ. ಅವನು ನಗಲಿಲ್ಲ. ಕೈ ಹಿಡಿದು ವಿಮಾನದ ಹೊಟ್ಟೆಯ ಕೆಳಗೆ ಕೂರಿಸಿ ತೋರಿಸಿದ.

ಎಡಕ್ಕೊಂದು, ಬಲಕ್ಕೊಂದು ಉಕ್ಕಿನ ಕಾಲು. ಕೆಳತುದಿಗೆ ಗಾಲಿ. ಮೇಲ್ತುದಿ ಹೊಟ್ಟೆಯಡಿಯ ಒಂದು ಗಟ್ಟಿ ಕೊಳವೆಯೊಳಗೆ ಹೋಗಿ ಕೂಡಬೇಕು. ಅಲ್ಲಿ ಕಾಲಿಗೊಂದು ತೂತು, ತೂತಿಗೊಂದು ಬೋಲ್ಟು. ಕಂಪನಿಯವರು ಉಳಿದ ತೂತುಗಳನ್ನೆಲ್ಲ ಕೊರೆದೇ ಕಳಿಸಿದ್ದಾರೆ, ಇವೆರಡನ್ನು ಬಿಟ್ಟು. ಯಾಕಂತೆ? ಕಟ್ಟಿದ ಮೇಲೆ ಒಂದೊಂದು ವಿಮಾನದ ಮೈ ಕೂದಲೆಳೆಯಷ್ಟು ಬೇರೆ ಇರುತ್ತದಂತೆ. ಗಾಲಿಗಳು ನೆಟ್ಟಗೆ ನಿಲ್ಲುವ ಜಾಗವನ್ನು ಕಟ್ಟಿದವನೇ ಹುಡುಕಿ ಕೊರೆಯಬೇಕಂತೆ. ಆಕಾಶದಿಂದ ಇಳಿದು ನೆಲಕ್ಕೆ ಬಡಿಯುವಾಗ ಇಡೀ ವಿಮಾನದ ಭಾರ, ಒಳಗೆ ಕೂತವರ ಜೀವ, ಎಲ್ಲ ಬಂದು ನಿಲ್ಲುವುದು ನನ್ನ ಕಿರುಬೆರಳಿನ ದಪ್ಪದ ಆ ಎರಡು ಬೋಲ್ಟುಗಳ ಮೇಲೆ.

ನನ್ನ ನಗು ಎಲ್ಲಿ ಹೋಯಿತೋ.

"ತೂತು ಸೊಟ್ಟ, ವಾರಿ ಆತಂದ್ರ ಕಾಲು ಕೆಟ್ಟಂಗ. ಇನ್ನೊಂದು ಜೋಡಿ ಎಲ್ಲಿಂದ ತರೂದು? ಅಲ್ಲಿಗೆ ವಿಮಾನದ ಕಥಿ ಮುಗೀತು," ಎಂದವನೇ ಎರಡೂ ಕೈ ಮುಂದೆ ಚಾಚಿದ. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಹೋದ ಚಳಿಗಾಲದ ಕಾಯಿಲೆ ಬಿಟ್ಟುಹೋದ ನಡುಕ ಅದು. ಯಾರಿಗೂ ಹೇಳಿರಲಿಲ್ಲ.

"ಸಣ್ಣಣ್ಣ ಬಾಜೂ ಮನ್ಯಾಗಽ ಅದಾನಲ್ಲ," ಎಂದೆ.

ದೊಡ್ಡಣ್ಣ ಚಾಚಿದ ಕೈ ಹಿಂದಕ್ಕೆಳೆದುಕೊಂಡ.

(ಹೊಸ ಓದುಗರಿಗಾಗಿ: ನನಗೆ ಇಬ್ಬರು ಅಣ್ಣಂದಿರು. ಹೊಲ ಪಾಲಾಗುವಾಗ ಅವರೇ ಹಗ್ಗದ ಒಂದೊಂದು ತುದಿ ಹಿಡಿದು ಅಳೆದರು. "ನೀ ಹಗ್ಗಾ ಜಗ್ಗಿದಿ" ಎಂದು ಸಣ್ಣಣ್ಣ. "ಜಗ್ಗಿದಾಂವ ನೀ" ಎಂದು ದೊಡ್ಡಣ್ಣ. ಅಲ್ಲಿಗೆ ಮಾತು ನಿಂತಿತು. ಮಕ್ಕಳು ದೊಡ್ಡವರಾದರು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ಮಾತು ಮಾತ್ರ ಬರಲಿಲ್ಲ.)

ಪಂಪ್‌ಸೆಟ್ಟು, ಟ್ರ್ಯಾಕ್ಟರು ಎಲ್ಲವನ್ನೂ ತಾನೇ ಬಿಚ್ಚಿ ಜೋಡಿಸುವವನು ಸಣ್ಣಣ್ಣ. ಅವನ ಅಂಗಳಕ್ಕೆ ಹೋಗಿ ವಿಷಯ ಹೇಳಿದೆ.

"ಅಂವ ಕರದಾನೋ, ನೀ ಕರೀಲಿಕ್ಕತ್ತೀಯೋ?"

"ಅವನ ಕೈ ನಡಗತಾವೋ," ಎಂದೆ.

ಸಣ್ಣಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದ್ದ. "ನಾಳೆ ಮುಂಜಾನೆ ಬರ್ತೀನಂತ ಹೇಳು."

ಭಾನುವಾರ ಬಂದ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ವಿಮಾನ ನೋಡಿ ಹಾಗೇ ನಿಂತುಬಿಟ್ಟ. ಗೋಡೆಯಾಚೆ ಬಡಿಯುವ ಸದ್ದನ್ನಷ್ಟೇ ಇಷ್ಟು ದಿನ ಕೇಳಿದ್ದ, ಪಾಪ. ಮೆಲ್ಲಗೆ ಅದರ ಮೈಮೇಲೆ ಅಂಗೈ ಇಟ್ಟ.

ಮೊದಲು ಅಳತೆ. ಬಾಲದ ನಡುಬಿಂದುವಿನಿಂದ ಎಡಗಾಲಿ ಎಷ್ಟು ದೂರವೋ ಬಲಗಾಲಿಯೂ ಅಷ್ಟೇ ದೂರ ಇರಬೇಕು. ಬಾಲದ ಕಡೆ ಟೇಪಿನ ತುದಿ ಹಿಡಿದು ದೊಡ್ಡಣ್ಣ ಕೂತ. ಗಾಲಿಯ ಕಡೆ ಸಣ್ಣಣ್ಣ. ಅಳೆದರು. ಮತ್ತೆ ಅಳೆದರು. ಎಡಗಾಲಿಯೊಂದಕ್ಕೇ ಎರಡು ಸಲಕ್ಕೆ ಎರಡು ಲೆಕ್ಕ. ಬಲಗಾಲಿಯದು ಇನ್ನೊಂದೇ ಲೆಕ್ಕ.

"ಸರಿಯಾಗಿ ನೋಡ್ಲಿಕ್ಕೆ ಹೇಳು ಅವಂಗ," ಎಂದು ದೊಡ್ಡಣ್ಣ ನನಗೆ. "ಸರಿಯಾಗಿ ಹಿಡೀಲಿಕ್ಕೆ ಹೇಳು," ಎಂದು ಸಣ್ಣಣ್ಣನೂ ನನಗೆ.

ಟೇಪು ನೋಡಿದೆ. ಬಟ್ಟೆ ಒಣಹಾಕುವ ಹಗ್ಗದ ಹಾಗೆ ನಡುವೆ ಜೋತು ಬಿದ್ದಿತ್ತು. ಇಬ್ಬರೂ ಜಗ್ಗುತ್ತಿಲ್ಲ! ಮತ್ತೆಲ್ಲಿ "ನೀ ಜಗ್ಗಿದಿ" ಎಂಬ ಮಾತು ಬರುತ್ತದೋ ಎಂದು ಇಬ್ಬರೂ ತುದಿಬೆರಳಲ್ಲಿ ಹಿಡಿದು ಕೂತಿದ್ದಾರೆ. ನಗಬೇಕೋ ಅಳಬೇಕೋ ನೀವೇ ಹೇಳಿ. ಹೊಲದಲ್ಲಿ ಆಸೆಗೆ ಅಳತೆ ಕೆಟ್ಟಿತು, ಇಲ್ಲಿ ಸಂಕೋಚಕ್ಕೆ ಕೆಡುತ್ತಿದೆ. ವಿಮಾನಕ್ಕೆ ಎರಡೂ ಬೇಡ.

ನನಗೂ ಸಿಟ್ಟು ಬಂತು. "ಜಗ್ಗಿ ಹಿಡೀರಿ ಇಬ್ರೂ. ಇದು ಹೊಲಾ ಅಲ್ಲ," ಎಂದೆ.

ಇಬ್ಬರೂ ನನ್ನನ್ನು ದುರುಗುಟ್ಟಿ ನೋಡಿದರು. ಆದರೆ ಜಗ್ಗಿದರು. ಟೇಪು ಟಣ್ ಎಂದು ಬಿಗಿಯಾಯಿತು. ಬಲಗಾಲನ್ನು ನೂಲಿನಷ್ಟು ಸರಿಸಿದ ಮೇಲೆ ಎಡ, ಬಲ ಒಂದೇ ಆಯಿತು. ಗೋಡೆ ಕಟ್ಟುವ ಗವಂಡಿಯ ತೂಗುಗುಂಡು ಇಳಿಬಿಟ್ಟು ನೋಡಿದರು. ಅದೂ ಹೌದೆಂದಿತು.

ಇನ್ನು ಕೊರೆಯುವುದು. ಎಂದಿನಂತೆ ಕರೆಂಟ್ ಹೋಗಿತ್ತು. ಕೈಯಲ್ಲಿ ತಿರುಗಿಸುವ ಡ್ರಿಲ್ ಹಿಡಿದು ಸಣ್ಣಣ್ಣ ಹೊಟ್ಟೆಯಡಿ ಅಂಗಾತ ಮಲಗಿದ. ದೊಡ್ಡಣ್ಣ ಬದಿಗೆ ಕೂತು ಒಂದು ಕಣ್ಣು ಮುಚ್ಚಿ ಡ್ರಿಲ್ಲಿನ ನೇರ ನೋಡತೊಡಗಿದ. ನಡುವೆ ನಾನು.

"ಕೈ ತುಸು ಮ್ಯಾಲೆ ಅಂತ ಹೇಳು."

"ಸಣ್ಣಣ್ಣಾ, ತುಸು ಮ್ಯಾಲೆ."

"ಇನ್ನ ಸಾಕಂತ ಹೇಳು."

ನಾನು ಬಾಯಿ ತೆರೆಯುವಷ್ಟರಲ್ಲಿ ಡ್ರಿಲ್ಲಿನ ಮೊನೆ ಉಕ್ಕಿನ ಮೇಲೆ ಕಿರ್ರೆಂದು ಜಾರಿತು.

"ನಿಂದ್ರಲೇ ಬಸ್ಯಾ!"

ನಾನಲ್ಲ ಅಂದದ್ದು. ದೊಡ್ಡಣ್ಣ. ಹೊಲ ಪಾಲಾದ ಮೇಲೆ ಸಣ್ಣಣ್ಣನನ್ನು ಅವನು ಹೆಸರು ಹಿಡಿದು ಕರೆದದ್ದು ಇದೇ ಮೊದಲು. ಬಾಗಿಲಲ್ಲಿ ನಿಂತ ಊರವರೂ ಒಳಗೆ ಬಗ್ಗಿ ನೋಡಿದರು.

ಕೆಳಗಿನಿಂದ ಸಣ್ಣಣ್ಣನ ದನಿ ಮೆತ್ತಗೆ ಬಂತು: "ಕೆಟ್ತೇನಣ್ಣಾ?"

ದೊಡ್ಡಣ್ಣ ಬಗ್ಗಿ, ನಡುಗುವ ಬೆರಳಿನಿಂದ ಆ ಜಾಗ ಸವರಿ ನೋಡಿದ. "ಇಲ್ಲ. ಬರೇ ಗೀರು. ಮೊಣಕೈ ಎದಿಗೆ ಹಚ್ಚಿ ಹಿಡಿ. ನಾ ಹೇಳೂತನಕ ತಿರುಗಿಸಬ್ಯಾಡ."

ಆಮೇಲೆ ನನ್ನನ್ನು ಯಾರೂ ಕರೆಯಲಿಲ್ಲ. "ಬಲಕ್ಕ." "ಹೂಂ." "ನೆಟ್ಟಗೈತಿ, ನಡೀಲಿ." "ಎಣ್ಣಿ ಬಿಡು ಅಣ್ಣಾ." ಉಕ್ಕಿನ ಸಣ್ಣ ಸುರುಳಿಗಳು ಹೊಳೆಯುತ್ತ ಸಣ್ಣಣ್ಣನ ಎದೆಯ ಮೇಲೆ ಉದುರುತ್ತಿದ್ದವು. ಮೊದಲು ಸಣ್ಣ ತೂತು, ಆಮೇಲೆ ತುಸು ದೊಡ್ಡದು, ಆಮೇಲೆ ಬೋಲ್ಟಿನಷ್ಟು. ಬಿಸಿಲು ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಬರುವವರೆಗೆ ನಡೆಯಿತು. ನಾನು ಚಹಾ ಮಾಡುವುದನ್ನೂ ಮರೆತು ಕೂತಿದ್ದೆ. ದೇವರ ಗುಡಿಯಲ್ಲೂ ನಾನು ಇಷ್ಟು ಹೊತ್ತು ಸುಮ್ಮನೆ ಕೂತವಳಲ್ಲ.

ಎರಡೂ ಬೋಲ್ಟು ಸಲೀಸಾಗಿ ಒಳಗೆ ಹೋದವು. ಸ್ಟ್ಯಾಂಡು ತೆಗೆದರು. ವಿಮಾನ ತನ್ನ ಕಾಲ ಮೇಲೆ ತಾನು ನಿಂತಿತು. ಬಾಗಿಲಲ್ಲಿದ್ದ ಮುದುಕರೊಬ್ಬರು ಕೈ ಮುಗಿದರು. ನಾನೂ ಮುಗಿದೆ. ಯಾರಿಗೆಂದು ಕೇಳಬೇಡಿ.

ದೊಡ್ಡಣ್ಣ ಕೈ ಒರೆಸಿಕೊಳ್ಳುತ್ತ ಹೇಳಿದ: "ಬಸ್ಯಾ, ಇದರಾಗ ಎರಡು ಸೀಟು. ದೋಸ್ತ ಹಾರಸ್ತಾನ. ಮೊದಲನೇ ಸಲ ಬಾಜೂಕ ನೀ ಕುಂಡ್ರತೀ ಏನು?"

ಸಣ್ಣಣ್ಣ ಗಾಲಿ ನೋಡಿದ. ಅಣ್ಣನ ಮುಖ ನೋಡಿದ. ಆಮೇಲೆ ಕೆಳಗೆ ಬಿದ್ದಿದ್ದ ಟೇಪು ಎತ್ತಿ ಒಂದು ತುದಿಯನ್ನು ಅವನ ಕೈಗೆ ಕೊಟ್ಟ.

"ಇನ್ನೊಮ್ಮೆ ನೋಡೂಣು. ಗಟ್ಟಿ ಜಗ್ಗಿ ಹಿಡಿ ಅಣ್ಣಾ."

ತಾನೇ ಹತ್ತಿ ಕೂರಬೇಕು ಎಂದಾದ ಮೇಲೆ ಅಳತೆ ಎಷ್ಟು ಬೇಗ ನೆಟ್ಟಗಾಗುತ್ತದೆ, ನೋಡಿದಿರಾ?