ವಿಸ್ಕಿಗೆ ಯಾವ ನೀರು? ಗ್ಲಾಸಕ್ಕನನ್ನು ಕೇಳಿ

ಬೆಳಗಿನ ಆರೂಕಾಲು. ವಿಸ್ಕಿ ಕಾರ್ಖಾನೆಯ ಎರಡನೇ ಮಹಡಿಯ ಸಣ್ಣ ಕೋಣೆಯಲ್ಲಿ ಒಬ್ಬ ಹೆಂಗಸು ಖಾಲಿ ಲೋಟದೊಳಗೆ ಮೂಗಿಟ್ಟು ಕಣ್ಣು ಮುಚ್ಚಿದ್ದಾರೆ. ಒಂದು ಉಸಿರು, ಅಷ್ಟೇ. ಲೋಟ ಬಲಗಡೆಯ ಕಂಬಿಗೆ ತಲೆಕೆಳಗಾಗಿ ಹೋಗುತ್ತದೆ. ಎರಡನೆಯದೂ ಹೋಗುತ್ತದೆ. ಮೂರನೆಯದಕ್ಕೆ ಮುಖ ಕಿವುಚಿ, ಅದನ್ನು ಮತ್ತೆ ಬಿಸಿನೀರಿನ ತೊಟ್ಟಿಗೆ ಇಳಿಸುತ್ತಾರೆ.

"ಅದಕ್ಕೇನಾಯ್ತಮ್ಮ?" ಎನ್ನುತ್ತೇನೆ.

"ಬಟ್ಟೆ ವಾಸನೆ. ಯಾರೋ ಒರೆಸಿದಾರೆ. ಒರೆಸ್ಬೇಡ್ರೋ, ತಾನಾಗೇ ಆರ್ಲಿ ಅಂತ ಬಡ್ಕೊಂಡ್ರೂ ಕೇಳಲ್ಲ. ನೀವು ಸ್ವಲ್ಪ ಆಚೆ ನಿಂತ್ಕೊಳ್ಳಿ ಸಾರ್, ಬಾಯಲ್ಲಿ ಏಲಕ್ಕಿ ಇದೆ."

ಇತ್ತು. ಯಾಕಿತ್ತು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇವರನ್ನು ಕಾರ್ಖಾನೆಯಲ್ಲಿ ಎಲ್ಲರೂ ಗ್ಲಾಸಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ರುಚಿ ನೋಡುವ ಕೋಣೆಯ ಲೋಟಗಳನ್ನು ತೊಳೆಯುವ ಕೆಲಸ, ಹತ್ತೊಂಬತ್ತು ವರ್ಷದಿಂದ. ದಿನಕ್ಕೆ ನೂರಾ ಅರವತ್ತು ಲೋಟ. ಒಂದೊಂದಕ್ಕೂ ಎರಡು ಸಲ ಬಿಸಿನೀರು, ಒಂದು ಸಲ ತಣ್ಣೀರು, ಕೊನೆಗೆ ಒಂದು ಮೂಸು. ಸೋಪು ಮುಟ್ಟುವಂತಿಲ್ಲ. ಹನ್ನೊಂದು ಗಂಟೆಗೆ ಪರಿಣತರು ಬಂದು ಕೂತು ಮೂಸುವಾಗ ಲೋಟದಿಂದ ವಿಸ್ಕಿಯ ಘಮ ಮಾತ್ರ ಬರಬೇಕು.

ನಿಜ ಹೇಳಿಬಿಡುತ್ತೇನೆ, ನಾನು ಅಲ್ಲಿಗೆ ಹೋದದ್ದು ಇವರನ್ನು ನೋಡಲು ಅಲ್ಲ. ವಿಸ್ಕಿ ಕುಡಿಯುವುದು ಹೇಗೆ, ನೀರು ಹಾಕಬೇಕೋ ಬೇಡವೋ ಎಂದು ಬರೆಯಲು. ಈ ವಿಷಯಕ್ಕೆ ನನ್ನ ಗೆಳೆಯರಲ್ಲಿ ಇಬ್ಬರು ಮಾತು ಬಿಟ್ಟಿದ್ದಾರೆ. ಹಾಗೇ ಕುಡಿಯುವವನು ನೀರು ಹಾಕುವವನನ್ನು ಗಂಡಸೇ ಅಲ್ಲ ಎನ್ನುತ್ತಾನೆ. ನೀರು ಹಾಕುವವನು ಅವನ ಪಿತ್ತಜನಕಾಂಗಕ್ಕೆ ಈಗಲೇ ಶ್ರದ್ಧಾಂಜಲಿ ಅರ್ಪಿಸುತ್ತಾನೆ. ಸರಿ, ದೊಡ್ಡವರನ್ನೇ ಕೇಳೋಣ ಎಂದು ಕಾರ್ಖಾನೆಯ ಮುಖ್ಯ ಪರಿಣತರ ಮುಂದೆ ಹೋಗಿ ಕೂತೆ. ಅವರ ಬೆನ್ನ ಹಿಂದೆ ಕೆಲಸಗಾರರು ಅವರನ್ನು ಮೂಗಪ್ಪ ಎನ್ನುತ್ತಾರೆ. ಅದು ಅವರಿಗೂ ಗೊತ್ತು.

"ನಾವಿಲ್ಲಿ ನೀರು ಹಾಕದೆ ಮೂಸೋದೇ ಇಲ್ಲ," ಎಂದರು ಮೂಗಪ್ಪ. "ಅರ್ಧಕ್ಕರ್ಧ ಹಾಕ್ತೀವಿ. ಹಾಗೇ ಮೂಸಿದ್ರೆ ಘಾಟಿಗೆ ಮೂಗು ಮರಗಟ್ಟಿ ಹೋಗುತ್ತೆ. ನೀರು ಬಿದ್ರೆ ವಿಸ್ಕಿ ಬಾಯಿ ಬಿಡುತ್ತೆ. ಒಳ್ಳೇದೂ ಹೇಳುತ್ತೆ, ಕೆಟ್ಟದ್ದೂ ಹೇಳುತ್ತೆ. ಮನೇಲಿ ಕುಡಿಯೋರು ಒಂದು ಚಮಚದಿಂದ ಶುರು ಮಾಡ್ಲಿ, ನಾಲಿಗೆಗೆ ಹಿತ ಆದಲ್ಲಿ ನಿಲ್ಲಿಸ್ಲಿ. ಆದ್ರೆ ನೀರಿನ ವಿಷಯ ನೀವು ಗ್ಲಾಸಕ್ಕನ್ನ ಕೇಳ್ಬೇಕು. ನನಗೂ ಅವರೇ ಪಾಠ ಹೇಳಿದ್ದು."

ಹೀಗೆ ನಾನು ತೊಟ್ಟಿಯ ಬಳಿ ಬಂದು ನಿಂತದ್ದು.

ಗ್ಲಾಸಕ್ಕ ಮೊದಲು ಒಂದು ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಗಂಡ ಬಸ್ ಕಂಡಕ್ಟರ್. ಅವರಿಗೆ ಸೊಂಟ ಹಿಡಿದು ಎರಡು ವರ್ಷ ಮನೆಯಲ್ಲೇ ಕೂತಾಗ, ಇವರು ಇಲ್ಲಿ ಕಸ ಗುಡಿಸಲು ಸೇರಿದರು. ಲೋಟ ತೊಳೆಯುವವರು ಬಾರದ ಒಂದು ದಿನ ಇವರು ತೊಳೆದರು, ಅಲ್ಲೇ ಉಳಿದರು. ಬಿಸಿನೀರಿಗೆ ಬೆರಳ ತುದಿಗಳು ಸೀಳಿವೆ. ಮುಲಾಮು ಹಚ್ಚುವಂತಿಲ್ಲ, ಅದಕ್ಕೂ ವಾಸನೆ. ತಲೆಗೆ ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ, ಮಧ್ಯಾಹ್ನದ ಊಟದಲ್ಲಿ ಈರುಳ್ಳಿಯಿಲ್ಲ.

"ಮಗಳ ಮದುವೆ ದಿನ ಒಂದೇ ಒಂದು ಸಲ ಸೆಂಟು ಹಾಕ್ಕೊಂಡೆ," ಎಂದು ನಗುತ್ತಾರೆ. "ಬೀಗರು ಖುಷಿಪಟ್ರು. ನನಗೇ ತಲೆನೋವು ಬಂತು."

ಇನ್ನು ನೀರಿನ ಪಾಠಕ್ಕೆ ಬರುತ್ತೇನೆ. ಹೋದ ವರ್ಷ ಒಂದು ಸೋಮವಾರ, ಒಂದೇ ಉಗ್ರಾಣದ ನಲವತ್ತು ಪೀಪಾಯಿಗಳಿಂದ ತೆಗೆದ ವಿಸ್ಕಿ ಪರೀಕ್ಷೆಗೆ ಬಂತು. ನೀರು ಬೆರೆಸಿ ಮೂಸಿದರೆ ಎಲ್ಲದರಲ್ಲೂ ಒದ್ದೆ ಗೋಣಿಚೀಲದ ವಾಸನೆ. ಮೂಗಪ್ಪ ನಲವತ್ತಕ್ಕೂ ಕೆಂಪು ಗುರುತು ಹಾಕಿದರು. ಪೀಪಾಯಿಗಳಿಗೆ ಬೂಸ್ಟು ಹಿಡಿದಿದೆ, ನೋಡಿಕೊಳ್ಳುವವನು ತೇವಕ್ಕೆ ಬಿಟ್ಟಿದ್ದಾನೆ ಎಂದಾಯಿತು. ನೋಡಿಕೊಳ್ಳುವವನು ಎಂದರೆ ಪೀಪಾಯಿಯಣ್ಣ. ಆ ಕತ್ತಲೆ ಉಗ್ರಾಣದಲ್ಲಿ ಮೂವತ್ತು ವರ್ಷ ಕಳೆದವನು, ಪೀಪಾಯಿಗೆ ಗುದ್ದಿದ ಸದ್ದಿನಲ್ಲೇ ಒಳಗೆಷ್ಟಿದೆ ಎಂದು ಹೇಳುವವನು. ನಿವೃತ್ತಿಗೆ ಎರಡು ವರ್ಷವಿತ್ತು. ಮಂಗಳವಾರ ಅವನನ್ನು ಮನೆಗೆ ಕಳಿಸಿದರು. ಶುಕ್ರವಾರ ವಿಚಾರಣೆ, ಆಮೇಲೆ ಕೆಲಸವಿಲ್ಲ ಎಂದು ಎಲ್ಲರೂ ಮಾತಾಡಿಕೊಂಡರು.

ಇತ್ತ ಗ್ಲಾಸಕ್ಕನಿಗೆ ಬೇರೆಯದೇ ಸಂಕಟ. ಅದೇ ಸೋಮವಾರದಿಂದ ತೊಳೆದ ಲೋಟಗಳಲ್ಲಿ ಏನೋ ವಾಸನೆ.

"ನನ್ನ ಕೈಯೇ ಸೋತಿದೆ ಅಂದ್ಕೊಂಡೆ ಸಾರ್. ನಾಲ್ಕು ಸಲ ತೊಳೆದೆ, ಐದು ಸಲ ತೊಳೆದೆ, ಬ್ರಷ್ ಬದಲಾಯಿಸ್ದೆ. ತೊಳೆದಷ್ಟೂ ಜಾಸ್ತಿ! ಯಾರಿಗೂ ಹೇಳ್ಲಿಲ್ಲ. ಲೋಟ ತೊಳೆಯೋಳೇ ಲೋಟ ನಾರ್ತಿದೆ ಅಂದ್ರೆ ಕೆಲಸದಲ್ಲಿ ಇಟ್ಕೋತಾರಾ? ಹಾಗೇ ಜೋಡಿಸಿಟ್ಟೆ, ಎರಡು ದಿನ."

ಬುಧವಾರ ಹೊಸ ಲೋಟಗಳ ಪೆಟ್ಟಿಗೆ ಬಿಚ್ಚಿದರು. ಪೆಟ್ಟಿಗೆಯಿಂದ ತೆಗೆದಾಗ ಲೋಟಕ್ಕೆ ವಾಸನೆಯಿಲ್ಲ. ಒಂದು ಸಲ ನಲ್ಲಿಗೆ ಹಿಡಿದರು, ಬಂತು. ನೀರನ್ನೇ ಹಿಡಿದು ಮೂಸಿದರು. ಒದ್ದೆ ಗೋಣಿಚೀಲ! ವಿಸ್ಕಿಗೆ ಬೆರೆಸುವುದೂ ಅದೇ ನಲ್ಲಿಯ ನೀರನ್ನೇ.

ಪೀಪಾಯಿಯಣ್ಣ ಯಾರ ತಪ್ಪಿಗೆ ಮನೆಯಲ್ಲಿ ಕೂತಿದ್ದಾನೆ ಎಂಬುದು ಆಗ ಹೊಳೆಯಿತು. ಹೇಳಿದರೆ ತಮ್ಮ ಎರಡು ದಿನದ ಕಳ್ಳತನವೂ ಬಯಲಾಗುತ್ತದೆ. ಮೂಗಪ್ಪನ ಬಾಗಿಲವರೆಗೆ ಹೋಗಿ ಎರಡು ಸಲ ವಾಪಸ್ ಬಂದರಂತೆ. ಮೂರನೇ ಸಲ ಒಳಗೆ ಹೋದರು.

"ನಿಮಗೆ ಕುಡಿದೇ ಗೊತ್ತಿಲ್ಲ, ವಿಸ್ಕಿ ವಾಸನೆ ಏನು ಗೊತ್ತಾಗುತ್ತೆ ಗ್ಲಾಸಕ್ಕ?" ಎಂದರು ಮೂಗಪ್ಪ.

"ವಿಸ್ಕಿದು ಗೊತ್ತಾಗಲ್ಲ ಸಾರ್. ನೀರಿಂದು ಗೊತ್ತಾಗುತ್ತೆ."

ಆಮೇಲೆ ನಡೆದದ್ದನ್ನು ಮೂಗಪ್ಪನೇ ನನಗೆ ಹೇಳಿದರು. ಗ್ಲಾಸಕ್ಕ ಮೂರು ಹೊಸ ಲೋಟ ತಂದರು. ಊಟಕ್ಕೆಂದು ಮನೆಯಿಂದ ತಂದಿದ್ದ ಬಾಟಲಿಯ ನೀರಿನಲ್ಲಿ ಮೂರನ್ನೂ ತೊಳೆದರು. ಅದಕ್ಕೇ ಅರ್ಧ ಬಾಟಲಿ ಖರ್ಚಾಯಿತು. ಮೂರಕ್ಕೂ ಕೆಂಪು ಗುರುತಿನ ವಿಸ್ಕಿ. ಒಂದಕ್ಕೆ ಏನೂ ಬೆರೆಸಲಿಲ್ಲ, ಒಂದಕ್ಕೆ ನಲ್ಲಿ ನೀರು, ಒಂದಕ್ಕೆ ಮನೆಯ ನೀರು. ಮೂಗಪ್ಪ ಮೂಸಿದರು. ಮೊದಲನೆಯದು ಘಾಟು, ಏನೂ ತಿಳಿಯಲಿಲ್ಲ. ಎರಡನೆಯದು ಗೋಣಿಚೀಲ. ಮೂರನೆಯದಕ್ಕೆ ಮೂಗಿಟ್ಟವರು ಬಹಳ ಹೊತ್ತು ತೆಗೆಯಲೇ ಇಲ್ಲ.

"ಜೇನು, ಒಣದ್ರಾಕ್ಷಿ, ಸುಟ್ಟ ಕಟ್ಟಿಗೆ," ಎಂದರು ನನ್ನ ಹತ್ತಿರ. "ಅಷ್ಟು ಒಳ್ಳೇ ವಿಸ್ಕಿ ಆ ವರ್ಷ ನಾನು ನೋಡಿರ್ಲಿಲ್ಲ. ಅದಕ್ಕೆ ಕೆಂಪು ಹಾಕಿದ್ದೆ. ಇಪ್ಪತ್ತೆಂಟು ವರ್ಷ ಮೂಸಿದೀನಿ ಸ್ವಾಮಿ, ಬರೀ ನೀರನ್ನ ಒಂದು ದಿನಾನೂ ಮೂಸಿರ್ಲಿಲ್ಲ."

ಛಾವಣಿಯ ಮೇಲಿನ ಶುದ್ಧೀಕರಣದ ತೊಟ್ಟಿ ತೆರೆದರೆ, ನೀರು ಸೋಸುವ, ಎಂದೋ ಬದಲಾಯಿಸಬೇಕಿದ್ದ ಇದ್ದಿಲು ಲೋಳೆಗಟ್ಟಿ ಗಂಜಿಯಾಗಿತ್ತು. ಗುರುವಾರ ಬೆಳಗ್ಗೆ ಪೀಪಾಯಿಯಣ್ಣ ಉಗ್ರಾಣದ ಬೀಗ ತೆಗೆದ. ಅದೇ ಮಧ್ಯಾಹ್ನ, ಎರಡು ದಿನ ವಿಷಯ ಮುಚ್ಚಿಟ್ಟದ್ದಕ್ಕೆ ಗ್ಲಾಸಕ್ಕನ ಕೈಗೆ ಎಚ್ಚರಿಕೆಯ ಪತ್ರ ಬಂತು. ನನಗೆ ಸಿಟ್ಟು ಬಂತು. ಅವರಿಗಿಲ್ಲ.

"ಸರಿಯಾಗೇ ಕೊಟ್ರು ಬಿಡಿ. ಆ ಮಂಗಳವಾರ ಪೀಪಾಯಿಯಣ್ಣ ಊಟದ ಡಬ್ಬಿ ಹಿಡ್ಕೊಂಡು ಗೇಟ್ ದಾಟಿ ಹೋಗಿದ್ದನ್ನ ನಾನು ಇದೇ ಕಿಟಕೀಲಿ ನೋಡಿದೀನಿ. ನಾನು ಸೋಮವಾರಾನೇ ಬಾಯಿ ಬಿಟ್ಟಿದ್ರೆ ಆ ಮನುಷ್ಯ ಹಾಗೆ ಹೋಗ್ತಿರ್ಲಿಲ್ಲ."

ಈಗ ದಿನಾ ಬೆಳಗ್ಗೆ ಬರೀ ನೀರಿನ ಲೋಟವೊಂದು ಗ್ಲಾಸಕ್ಕನ ಮುಂದೆ ಬರುತ್ತದೆ. ಅವರು ಹೂಂ ಎನ್ನುವವರೆಗೆ ಆ ಕಟ್ಟಡದಲ್ಲಿ ಯಾರೂ ವಿಸ್ಕಿಗೆ ಒಂದು ಹನಿ ನೀರು ಹಾಕುವಂತಿಲ್ಲ, ಮೂಗಪ್ಪನೂ ಸೇರಿ.

ಹೊರಡುವ ಮುನ್ನ, ಪೀಪಾಯಿಯಣ್ಣ ಆಮೇಲೆ ಸಿಕ್ಕರೇ ಎಂದು ಕೇಳುತ್ತೇನೆ.

"ಭಾನುವಾರ ಹೆಂಡತೀನ ಕರ್ಕೊಂಡು ಮನೆಗೇ ಬಂದ್ರು. ಕೈಯಲ್ಲಿ ಬಾಟ್ಲು! ನಮ್ಮನೆಯವರಿಗೆ ಕಾಫಿ ಸ್ಟ್ರಾಂಗ್ ಆದ್ರೇ ತಲೆ ತಿರುಗುತ್ತೆ, ಇದನ್ನ ಯಾರು ಕುಡೀತಾರೆ ಅಂದೆ. 'ನೀನೇ ಕುಡಿ ಕಣಮ್ಮ, ನಲವತ್ತರಲ್ಲಿ ಒಂದು ಪೀಪಾಯಿದು ಇದು,' ಅಂದ್ರು. ಆ ಮುಖ ನೋಡಿ ಬೇಡ ಅನ್ನೋಕೆ ಆಗ್ಲಿಲ್ಲ. ಹಾಗೇ ಕುಡೀಬೇಕು ಅಂತ ಅವರು, ನಾನು ಬಿಡ್ತೀನಾ? ನಮ್ಮನೆ ನೀರು ಹಾಕ್ಕೊಂಡು ಒಂದೇ ಗುಟುಕು ಕುಡಿದೆ. ಹುಟ್ಟಿದ ಮೇಲೆ ಅದೇ ಮೊದಲು."

"ಹೇಗಿತ್ತು?"

ಗ್ಲಾಸಕ್ಕ ಕೈಯಲ್ಲಿದ್ದ ಲೋಟವನ್ನು ಕಂಬಿಗೆ ಸಿಕ್ಕಿಸಿ ಯೋಚಿಸುತ್ತಾರೆ.

"ವಿಸ್ಕಿ ಏನೋಪ್ಪ, ಕೆಮ್ಮಿನ ಔಷಧಿ ಇದ್ದಂಗಿತ್ತು," ಎನ್ನುತ್ತಾರೆ. "ನೀರು ಚೆನ್ನಾಗಿತ್ತು."